‘ಚಿತ್ರಕೃಪೆ: ಅಂತರ್ಜಾಲ’ ಅನುಮತಿಯಲ್ಲ

ಮಾನ್ಯರೇ,

ಫೋಟೊ ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕಿಬಿಟ್ಟರೆ ಹೊಣೆ ಮುಗಿಯಿತು ಎಂದುಕೊಂಡವರು ಬಹಳ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ, ತೆಗೆದವರೊಬ್ಬರು ಇದ್ದೇ ಇರುತ್ತಾರೆ. ಕ್ಲಿಕ್ಕಿಸಿದ ಕ್ಷಣದಿಂದಲೇ ಹಕ್ಕುಸ್ವಾಮ್ಯ ಸಿಗುತ್ತದೆ. ಅದಕ್ಕೆ ನೋಂದಣಿಯೂ ಬೇಡ, ಕಾಪಿರೈಟ್ ಚಿಹ್ನೆಯೂ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ಈ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯಲ್ಲದೆ ನಂತರದ 60 ವರ್ಷವೂ ಇರುತ್ತದೆ. ಆದರೆ ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು.

ತೆಗೆದವರ ಗುರುತು ಅಳಿಯುವುದು ಹಂಚಿಕೊಳ್ಳುವ ಹಾದಿಯಲ್ಲಿ. ಹೆಸರು, ಹಕ್ಕಿನ ವಿವರ, ಸಂಪರ್ಕವನ್ನು ಫೈಲಿನೊಳಗೇ ಬರೆದಿಡಲು ಐಪಿಟಿಸಿ ಮೆಟಾಡೇಟಾ ಎಂಬ ವ್ಯವಸ್ಥೆ ಇದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಗಾತ್ರ ಕುಗ್ಗುವಾಗ ಅದು ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಉಳಿಯುತ್ತದೆ. ಮೂಲೆಯಲ್ಲಿ ಹಾಕಿದ ವಾಟರ್‌ಮಾರ್ಕ್ ಒಂದು ಕ್ರಾಪ್‌ಗೆ ಮಾಯ. ಹಕ್ಕಿನ ಮಾಹಿತಿಯನ್ನು ಬೇಕೆಂದೇ ಅನುಮತಿಯಿಲ್ಲದೆ ತೆಗೆದುಹಾಕುವುದು ಅದೇ ಕಾಯ್ದೆಯ 65ಬಿ ಕಲಮಿನಡಿ ಪ್ರತ್ಯೇಕ ಅಪರಾಧ. ಎರಡು ವರ್ಷದವರೆಗೆ ಜೈಲು, ಜತೆಗೆ ದಂಡ.

ಕದ್ದ ಫೋಟೊ ಕಣ್ಣಿಗೆ ಬಿದ್ದರೆ ಮೊದಲು ಕಾಮೆಂಟಿನಲ್ಲಿ ಜಗಳಕ್ಕೆ ಇಳಿಯಬೇಡಿ. ಹಾಕಿದವರು ತಕ್ಷಣ ಡಿಲೀಟ್ ಮಾಡಿದರೆ ಸಾಕ್ಷ್ಯವೇ ಹೋಗುತ್ತದೆ. ವೆಬ್ ವಿಳಾಸ, ದಿನಾಂಕ ಕಾಣುವಂತೆ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ವೆಬ್ ಪುಟಗಳ ಪ್ರತಿ ಉಳಿಸಿಡುವ ತಾಣವಾದ ವೇಬ್ಯಾಕ್ ಮಷಿನ್‌ನಲ್ಲೂ ಪುಟವನ್ನು ಉಳಿಸಿ. ಚಿತ್ರ ಕೊಟ್ಟರೆ ಅದರ ಪ್ರತಿಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುವುದುಂಟು. ಎಡಬಲ ತಿರುಗಿಸಿ ಹಾಕಿರುವ ಅನುಮಾನವಿದ್ದರೆ ನಿಮ್ಮ ಫೋಟೊವನ್ನೂ ತಿರುಗಿಸಿ ಹುಡುಕಿ. ರಾ ಫೈಲ್ (ಕ್ಯಾಮೆರಾ ಕೊಡುವ, ಸಂಸ್ಕರಿಸದ ಮೂಲ ಫೈಲ್) ಮತ್ತು ಅದರ ಹಿಂದಿನ, ಮುಂದಿನ ಫ್ರೇಮ್‌ಗಳನ್ನು ಎಂದಿಗೂ ಅಳಿಸಬೇಡಿ. ಕದ್ದವರ ಬಳಿ ಕತ್ತರಿಸಿದ ಜೆಪೆಗ್ ಇರಬಹುದು, ಕತ್ತರಿಸಿಹೋದ ಅಂಚು ಇರುವುದು ನಿಮ್ಮಲ್ಲಿ ಮಾತ್ರ.

ಜಾಲತಾಣಕ್ಕೆ ಲಿಖಿತ ದೂರು ಕೊಡುವಾಗ ಪುಟದ ಲಿಂಕ್ ಜತೆಗೆ ಚಿತ್ರದ ನೇರ ಲಿಂಕನ್ನೂ ಕೊಡಿ. 2013ರ ಹಕ್ಕುಸ್ವಾಮ್ಯ ನಿಯಮಗಳ ಪ್ರಕಾರ, ದೂರು ಸರಿಯಿದ್ದರೆ ಮಧ್ಯವರ್ತಿ ಸಂಸ್ಥೆ (ಬೇರೆಯವರು ಹಾಕಿದ್ದನ್ನು ತೋರಿಸುವ ಜಾಲತಾಣ) 36 ಗಂಟೆಯೊಳಗೆ ಆ ಚಿತ್ರವನ್ನು ಯಾರೂ ನೋಡದಂತೆ ತಡೆಯಬೇಕು. ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ತರುತ್ತೇನೆಂಬ ಮುಚ್ಚಳಿಕೆ ದೂರಿನಲ್ಲೇ ಇರಬೇಕು. ಆದೇಶ ತಲುಪದಿದ್ದರೆ ಚಿತ್ರವನ್ನು ಮತ್ತೆ ತೋರಿಸಲು ಸಂಸ್ಥೆಗೆ ಅವಕಾಶವಿದೆ. ದೂರು ಕೊಟ್ಟು ಜಾಲತಾಣದಿಂದ ತೆಗೆಸಿಹಾಕಿದ ಫೋಟೊ ಕೆಲ ವಾರಗಳಲ್ಲಿ ಮತ್ತೆ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ಒಬ್ಬ ಬಡ ಛಾಯಾಗ್ರಾಹಕ ಮೂರು ವಾರದಲ್ಲಿ ಆದೇಶ ತರಬೇಕೆನ್ನುವುದು ಅನ್ಯಾಯ; ಈ ಗಡುವು ಸಡಿಲವಾಗಲೇಬೇಕು.

ಮುಕ್ತವಾಗಿ ಬಳಸಬಹುದಾದ ಚಿತ್ರ ಬೇಕಿದ್ದರೆ ವಿಕಿಮೀಡಿಯ ಕಾಮನ್ಸ್ ಇದೆ. ಅಲ್ಲಿಯೂ ಷರತ್ತುಗಳಿವೆ: ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಷರತ್ತಿನ ಮೇಲೆ ಮರುಬಳಕೆಗೆ ಮೊದಲೇ ಕೊಟ್ಟ ಅನುಮತಿ) ಚಿತ್ರಕ್ಕೆ ತೆಗೆದವರ ಹೆಸರು, ಮೂಲದ ಕೊಂಡಿ, ಪರವಾನಗಿಯ ಹೆಸರು ಹಾಕಬೇಕು, ಬದಲಾವಣೆ ಮಾಡಿದ್ದರೆ ಅದನ್ನೂ ತಿಳಿಸಬೇಕು.

ಪತ್ರಿಕೆಗಳಲ್ಲಿ ಒಂದು ಕೋರಿಕೆ. ಓದುಗರು ಕಳುಹಿಸುವ ಫೋಟೊ ಪ್ರಕಟಿಸುವ ಮುನ್ನ ತೆಗೆದವರು ಯಾರೆಂದು ಕೇಳಿ, ಮೂಲ ಫೈಲನ್ನೇ ತರಿಸಿಕೊಳ್ಳಿ.