ಹಾಲು ಬಿಡಿಸಬೇಡ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನನಗೆ ನಿನ್ನ ಕಾಗದದ ಆ ಒಂದು ಸಾಲೇ ತಲೆಯಲ್ಲಿ ಕೂತಿದೆ: ‘ನನ್ನ ಹಾಲಿನಲ್ಲೇ ಪ್ಲಾಸ್ಟಿಕ್ ಇದ್ದರೆ ಕುಡಿಸುವುದನ್ನು ನಿಲ್ಲಿಸಲೇ?’ ಬೇಡ ಮಗಳೇ.

ನೀನು ಓದಿದ್ದು ಸುಳ್ಳಲ್ಲ. 2022ರಲ್ಲಿ ಇಟಲಿಯಲ್ಲಿ 34 ತಾಯಂದಿರ ಹಾಲು ಪರೀಕ್ಷಿಸಿದಾಗ 26 ಮಂದಿಯ ಹಾಲಿನಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕಣಗಳು ಸಿಕ್ಕವು. ಆದರೆ ಕುಡಿದ ಮಗುವಿಗೆ ಏನಾಯಿತು ಅನ್ನುವುದನ್ನು ಆ ಪರೀಕ್ಷೆ ನೋಡಲೇ ಇಲ್ಲ. ಪ್ಲಾಸ್ಟಿಕ್ಕಿನಿಂದ ಹೃದಯಾಘಾತ ಅನ್ನುವ ಸುದ್ದಿಯೂ ಹಾಗೆಯೇ. 2024ರ ಒಂದು ಅಧ್ಯಯನದಲ್ಲಿ ಕತ್ತಿನ ರಕ್ತನಾಳದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವಿನ ಅಪಾಯ ನಾಲ್ಕೂವರೆ ಪಟ್ಟು ಕಂಡಿತು, ನಿಜ. ಅವರೆಲ್ಲ ರಕ್ತನಾಳ ಆಗಲೇ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ಬಂದವರು. ಪ್ಲಾಸ್ಟಿಕ್ಕೇ ಕಾರಣ ಅಂತ ಅದರಿಂದ ಸಾಬೀತಾಗಿಲ್ಲ. ಹಾಗಂತ ತಳ್ಳಿಹಾಕುವ ವಿಷಯವೂ ಅಲ್ಲ.

ಎದೆಹಾಲು ನಿಲ್ಲಿಸಿದರೆ ಕೊಡುವುದೇನು? ಪುಡಿಹಾಲು, ಅದೂ ಪ್ಲಾಸ್ಟಿಕ್ ಬಾಟಲಿಯಲ್ಲಿ. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಹಾಲಿನ ಬಾಟಲಿಗಳನ್ನು ಪರೀಕ್ಷಿಸಿದರು. 25 ಡಿಗ್ರಿ ನೀರಿಗೆ ಲೀಟರಿಗೆ ಸುಮಾರು 6 ಲಕ್ಷ ಕಣ ಬಿಟ್ಟದ್ದು, 95 ಡಿಗ್ರಿಗೆ ಐದೂವರೆ ಕೋಟಿ. ಎಣಿಸುವ ವಿಧಾನ ಬೇರೆಯಾದ್ದರಿಂದ ಇಟಲಿಯ ಲೆಕ್ಕದ ಪಕ್ಕದಲ್ಲಿಟ್ಟು ತೂಗುವಂತಿಲ್ಲ. ಆದರೂ ಎದೆಹಾಲಿಗೆ ಹೆದರಿ ಬಾಟಲಿಗೆ ಓಡುವುದರಲ್ಲಿ ಅರ್ಥವಿಲ್ಲ.

ನಮ್ಮ ಕಾಲದವರು ಹಿತ್ತಾಳೆಯನ್ನೆಲ್ಲ ಗುಜರಿಗೆ ಹಾಕಿ ಬಣ್ಣಬಣ್ಣದ ಡಬ್ಬಿ, ಬಕೆಟ್ಟು ತಂದುಕೊಂಡೆವು. ಅದರ ಚಿಂತೆ ಈಗ ನಿನ್ನ ಪಾಲಿಗೆ ಬಂತಲ್ಲ ಅಂತ ಸಂಕಟ. ಇರಲಿ.

ಕೇಳದಿದ್ದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಿಂಡಿಟ್ಟ ಹಾಲನ್ನು ಗಾಜಿನ ಬಾಟಲಿಯಲ್ಲಿಡು, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡು, ಸ್ಟೀಲ್ ಒಳಲೆಯಲ್ಲಿ ಕುಡಿಸು. ಮೈಕ್ರೋವೇವ್ ಬೇಡ. ಪುಡಿಹಾಲು ಬೇಕೇಬೇಕಾದರೆ, ಪ್ಲಾಸ್ಟಿಕ್ಕಿನ ಭಯಕ್ಕೆ ತಣ್ಣೀರಿನಲ್ಲಿ ಕಲಸಬೇಡ. ಪುಡಿಯಲ್ಲಿ ಇರಬಹುದಾದ ರೋಗಾಣು ಸಾಯಲು ನೀರು 70 ಡಿಗ್ರಿಗಿಂತ ಕೆಳಗಿಳಿದಿರಬಾರದು, ಅಂದರೆ ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ. ಸ್ಟೀಲ್ ಪಾತ್ರೆಯಲ್ಲಿ ಕಲಸಿ, ಆರಿದ ಮೇಲೆ ಬಾಟಲಿಗೆ ಹಾಕು. ಪ್ಲಾಸ್ಟಿಕ್ ಬಾಟಲಿಯೇ ಆದರೆ, ಅದನ್ನು ಕುದಿಸಿದ ನಂತರ ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಿಸು. ಬಿಸಿ ಇರುವಾಗ ಕುಲುಕಬೇಡ.

ನಿನ್ನ ಕಾಫಿಗೂ ಕಾಗದದ ಲೋಟ ಬೇಡ, ಒಳಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಖರಗ್‌ಪುರದ ಐಐಟಿಯವರು 100 ಮಿ.ಲೀ. ಬಿಸಿನೀರು 15 ನಿಮಿಷ ಇಟ್ಟು ನೋಡಿದಾಗ 25,000 ಕಣ ಸಿಕ್ಕಿತ್ತು.

ಹಿಂಡುವ ಪಂಪೂ ಪ್ಲಾಸ್ಟಿಕ್ಕೇ ಅಲ್ಲವೇ ಅನ್ನುತ್ತೀಯೆ. ಹೌದು, ಆದರೆ ಹಾಲು ಮೈಬಿಸಿಯಲ್ಲೇ ಇಳಿಯುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಅದರ ಭಾಗಗಳನ್ನೂ ಹಾಗೆಯೇ ಜಾಲಿಸಿಕೋ. ಅದಕ್ಕೆ ಹೆದರಿಯೂ ಹಾಲು ಬಿಡಿಸಬೇಡ.

ನಿನ್ನ ದೊಡ್ಡಮ್ಮ