ಹೆಸರು ಹಾಕಬೇಡಿ ಎಂದ ಅಕ್ಕನಿಗೆ

ಕಾರವಾರ ಜೈಲಿಗೆ ಇಗರ್ಜಿಯವರ ಜೊತೆ ಬರುತ್ತಿದ್ದ ಅಕ್ಕ, ನಮ್ಮ ಮನೆಯವರೆಲ್ಲರ ಧನ್ಯವಾದ.

ತಮ್ಮನಿಗೆ ಜಾಮೀನು ಸಿಕ್ಕಿತ್ತು. ಆದರೆ ಪಹಣಿ ಹಿಡಿದು ಕೋರ್ಟಿಗೆ ಬಂದು ಶ್ಯೂರಿಟಿ ಹಾಕುವವರು ಯಾರೂ ಇರಲಿಲ್ಲ. ನೆಂಟರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಜಾಮೀನಾಗಿ ಒಂದು ವಾರದಲ್ಲಿ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ಇದು ನಮಗೆ ಗೊತ್ತಾಗಿದ್ದೇ ನಿಮ್ಮಿಂದ. ಪ್ರಾಧಿಕಾರದ ಕಚೇರಿಯಲ್ಲಿ ಅಮ್ಮನ ಪಕ್ಕ ಕೂತು ಅರ್ಜಿ ಬರೆದುಕೊಟ್ಟಿರಿ. ವಕೀಲರಿಗೆ ಫೀಸು ಕೊಡಬೇಕಿಲ್ಲ ಎಂದಾಗ ಅಮ್ಮ ಅಲ್ಲೇ ಅತ್ತುಬಿಟ್ಟರು. ಆ ವಕೀಲರು ಷರತ್ತು ಸಡಿಲಿಸಲು ಕೇಳಿದರು, ಕೋರ್ಟ್ ಒಪ್ಪಿತು.

ಹೊರಬಂದ ಮೇಲೆ ಇನ್ನೂ ಜಾಸ್ತಿ ಕಷ್ಟ. ಜೈಲಿಗೆ ಹೋಗಿಬಂದವನಿಗೆ ಕೆಲಸ ಯಾರು ಕೊಡುತ್ತಾರೆ ಹೇಳಿ? ಬೈತಖೋಲ್ ಬಂದರಿನಲ್ಲಿ ಬೋಟಿನ ಮಾಲೀಕರ ಹತ್ತಿರ ನೀವೇ ಮಾತಾಡಿದಿರಿ. ಕೇಸಿನ ವಿಷಯ ಮುಚ್ಚಿಡಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಅದೇ. ಈಗ ಅವನು ಹರಿದ ಬಲೆ ಹೆಣೆಯುತ್ತಾನೆ, ಬುಟ್ಟಿಗಟ್ಟಲೆ ಬಂಗಡೆ ಇಳಿಸುತ್ತಾನೆ.

ಮತದ ಮಾತು ನೀವು ಒಮ್ಮೆಯೂ ಎತ್ತಲಿಲ್ಲ. ಯಾಕೆ ಇಷ್ಟೆಲ್ಲ ಮಾಡುತ್ತೀರಿ ಎಂದು ಅಮ್ಮ ಕೇಳಿದಾಗ ಮಾತ್ರ, ಸೆರೆಯಲ್ಲಿದ್ದವರನ್ನು ನೋಡಿದರೆ ಯೇಸುವನ್ನೇ ನೋಡಿದಂತೆ ಎಂದಿರಿ.

ಚೌತಿಗೆ ಮನೆಗೆ ಬನ್ನಿ ಅಕ್ಕ. ಅಮ್ಮ ಕೇಳುತ್ತಲೇ ಇರುತ್ತಾರೆ.