ಇಂಗ್ಲಿಷ್ ಪದ್ಯಕ್ಕೂ ಅನ್ವಯ ಬೇಕು

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾದಂತೆ ಮೈಸೂರು, ಮಂಡ್ಯ ಜಿಲ್ಲೆಗಳ ಎಷ್ಟೋ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪದ್ಯಪಾಠ ಒಂದು ಜೆರಾಕ್ಸ್ ಹಾಳೆಗೆ ಇಳಿದುಬಿಡುತ್ತದೆ. ಹತ್ತು ಸಾಲಿನ ಸಾರಾಂಶ, ಸಂದರ್ಭದ ಪ್ರಶ್ನೆಗಳಿಗೆ ಸಿದ್ಧ ಉತ್ತರ, ಬಾಯಿಪಾಠಕ್ಕೆ ನಾಲ್ಕು ಸಾಲು, ಅಷ್ಟೆ. ಪಾಸಾಗಲು ಬೇಕಾದಷ್ಟನ್ನೇ ಕೊಡುವ ಇಂಥ ‘ಪಾಸಿಂಗ್ ಪ್ಯಾಕೇಜ’ನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಓದಿನಲ್ಲಿ ತೀರಾ ಹಿಂದೆ ಬಿದ್ದ ಮಗುವಿಗೆ ಅದೂ ಒಂದು ಆಸರೆ. ಆದರೆ ಪದ್ಯವನ್ನು ಒಮ್ಮೆಯೂ ನೆಟ್ಟಗೆ ಓದದೆ, ಸಾರಾಂಶವೇ ಪದ್ಯವೆಂದು ನಂಬಿ ಹತ್ತನೇ ತರಗತಿ ದಾಟುವ ಮಕ್ಕಳು ಬಹಳ ಮಂದಿ.

ಪಕ್ಕದ ಕೊಠಡಿಯಲ್ಲಿ ಕುಮಾರವ್ಯಾಸನ ಷಟ್ಪದಿ ಹೇಳಿಕೊಡುವ ಕನ್ನಡ ಮೇಷ್ಟ್ರು ಹೀಗೆ ಮಾಡುವುದಿಲ್ಲ. ಮೊದಲು ರಾಗವಾಗಿ ಓದುತ್ತಾರೆ. ಆಮೇಲೆ ಪದ ಬಿಡಿಸುತ್ತಾರೆ, ಅನ್ವಯ ಮಾಡುತ್ತಾರೆ, ಅಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸುತ್ತಾರೆ. ಭಾವಾರ್ಥ ಕೊನೆಗೆ. ಮಕ್ಕಳಿಗೆ ಅಭ್ಯಾಸವಾಗಿರುವ ಈ ಕ್ರಮವನ್ನು ಇಂಗ್ಲಿಷ್ ತರಗತಿಗೂ ತನ್ನಿ ಎನ್ನುವುದೇ ಈ ಪತ್ರದ ಕೋರಿಕೆ. 24 ಸಾಲಿನ ಪದ್ಯಕ್ಕೆ 40 ನಿಮಿಷದ ನಾಲ್ಕು ಪೀರಿಯಡ್ ಸಾಕು: ಒಂದು ಓದಿಗೆ, ಒಂದು ಅನ್ವಯಕ್ಕೆ, ಒಂದು ಪದ ಮತ್ತು ಅರ್ಥದ ಚರ್ಚೆಗೆ, ಒಂದು ಬರೆಯುವುದಕ್ಕೆ.

ಓದಿನಿಂದ ಶುರುಮಾಡೋಣ. ಪುಸ್ತಕ ಮುಚ್ಚಿಸಿ, ಶಿಕ್ಷಕರು ಇಡೀ ಪದ್ಯವನ್ನು ಎರಡು ಸಲ ಓದಬೇಕು. 24 ಸಾಲಿಗೆ ಎರಡು ನಿಮಿಷ ಹಿಡಿಯಲಿ, ಅವಸರ ಬೇಡ. ಕನ್ನಡದ ಲಯ ನಿಂತಿರುವುದು ಮಾತ್ರೆಯ (ಅಕ್ಷರ ಹೇಳಲು ಹಿಡಿಯುವ ಹೊತ್ತಿನ) ಮೇಲೆ, ಇಂಗ್ಲಿಷಿನದು ಕೆಲವು ಪದಗಳನ್ನು ಒತ್ತಿ ಹೇಳುವುದರ ಮೇಲೆ. ಕನ್ನಡದ ನಾಲಗೆ ಪ್ರತಿ ಅಕ್ಷರಕ್ಕೂ ಸಮತೂಕ ಕೊಟ್ಟು ಓದುತ್ತದೆ, ಇಂಗ್ಲಿಷ್ ಪದ್ಯ ಅಲ್ಲೇ ಚಪ್ಪಟೆಯಾಗುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನ ಕತೆ ಹೇಳುವ, ಜೇಮ್ಸ್ ಟಿ. ಫೀಲ್ಡ್ಸ್ ಬರೆದ ‘ಬ್ಯಾಲಡ್ ಆಫ್ ದ ಟೆಂಪೆಸ್ಟ್’ ಪದ್ಯದ ಎರಡನೇ ಸಾಲು ನೋಡಿ: ‘ನಾಟ್ ಅ ಸೋಲ್ ವುಡ್ ಡೇರ್ ಟು ಸ್ಲೀಪ್’. ನಾಟ್, ಸೋಲ್, ಡೇರ್, ಸ್ಲೀಪ್, ಈ ನಾಲ್ಕು ಕಡೆ ಮಾತ್ರ ಬೆಂಚಿನ ಮೇಲೆ ಬೆರಳು ತಟ್ಟಿಸಿ. ಉಳಿದವು ನಡುವೆ ಹಗುರವಾಗಿ ಜಾರಿಹೋಗಲಿ. ನಾಲ್ಕು ಸಾಲಿನ ಎರಡು ಚರಣ ಹೀಗೆ ತಟ್ಟಿಸಿದರೆ ಮೂರನೆಯದನ್ನು ಮಕ್ಕಳೇ ತಟ್ಟುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಕೆಡುವುದು ಸಾಲಿನ ಕೊನೆ. ‘ಸ್ಲೀಪು’, ‘ಡೀಪು’, ‘ಬ್ರೆತ್ತು’, ‘ಡೆತ್ತು’ ಎಂದು ಉಕಾರ ಸೇರಿಸಿದರೆ ಸಾಲಿಗೊಂದು ಅಕ್ಷರ ಹೆಚ್ಚಾಗಿ ಲಯ ಕುಂಟುತ್ತದೆ. ಪ್ರಾಸವೇ ಉಚ್ಚಾರಣೆ ತಿದ್ದುವುದೂ ಉಂಟು. ಇದೇ ಪದ್ಯದಲ್ಲಿ ‘ಪ್ರೇಯರ್ಸ್’ ಎನ್ನುವ ಪದ ‘ಸ್ಟೇರ್ಸ್’ ಜೊತೆ ಪ್ರಾಸವಾಗಿ ಬರುತ್ತದೆ. ಹಾಗಾದರೆ ಅದನ್ನು ‘ಪ್ರೇರ್ಸ್’ ಎಂದು ಒಂದೇ ಉಸಿರಿನಲ್ಲಿ ಹೇಳಬೇಕು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಎರಡನೆಯದು ಅನ್ವಯ. ಅತಿ ಹೆಚ್ಚು ತಪ್ಪಾಗುವುದೂ, ಅತಿ ಕಡಿಮೆ ಹೊತ್ತು ಸಿಗುವುದೂ ಇದಕ್ಕೇ. ಪದ್ಯದ ಸಾಲು ಬೇರೆ, ವಾಕ್ಯ ಬೇರೆ. ಸಾಲು ಮುಗಿದ ಕಡೆ ವಾಕ್ಯ ಮುಗಿಯಿತೆಂದು ಮಕ್ಕಳು ನಿಲ್ಲಿಸುತ್ತಾರೆ. ಆದ್ದರಿಂದ ಮೊದಲು ಪೂರ್ಣವಿರಾಮಗಳಿಗೆ ಗುರುತು ಹಾಕಿಸಿ, ಇಡೀ ಪದ್ಯದಲ್ಲಿ ವಾಕ್ಯ ಎಷ್ಟು ಎಂದು ಎಣಿಸಬೇಕು. ಆಮೇಲೆ ಪ್ರತಿ ವಾಕ್ಯದಲ್ಲೂ ಮೂರು ಪ್ರಶ್ನೆ: ಕ್ರಿಯಾಪದ ಯಾವುದು? ಮಾಡಿದವರು ಯಾರು? ಯಾರಿಗೆ, ಏನನ್ನು?

ಕುರುಡ ಹುಡುಗನೊಬ್ಬ ಕಣ್ಣಿದ್ದವರೊಡನೆ ಮಾತಾಡುವ, ಕಾಲಿ ಸಿಬ್ಬರ್ ಬರೆದ ‘ದ ಬ್ಲೈಂಡ್ ಬಾಯ್’ ಪದ್ಯದಲ್ಲಿ ‘ವಿತ್ ಹೆವಿ ಸೈಸ್ ಐ ಆಫನ್ ಹಿಯರ್ / ಯು ಮೋರ್ನ್ ಮೈ ಹ್ಯಾಪ್‌ಲೆಸ್ ವೋ’ ಎಂದಿದೆ. ನಿಟ್ಟುಸಿರು ಬಿಡುವವರು ಯಾರು? ‘ಹುಡುಗ ನಿಟ್ಟುಸಿರು ಬಿಡುತ್ತಾನೆ’ ಎಂದೇ ಮಕ್ಕಳು ಬರೆಯುತ್ತಾರೆ, ಏಕೆಂದರೆ ‘ಸೈಸ್’ ಪಕ್ಕದಲ್ಲೇ ‘ಐ’ ಕೂತಿದೆ. ಅನ್ವಯ ಮಾಡಿದರೆ ಅದು ‘ನೀವು ಭಾರವಾದ ನಿಟ್ಟುಸಿರು ಬಿಡುತ್ತ ನನ್ನ ಗತಿಗಾಗಿ ಮರುಗುವುದು ನನಗೆ ಆಗಾಗ ಕೇಳಿಸುತ್ತದೆ’ ಎಂದಾಗುತ್ತದೆ. ನಿಟ್ಟುಸಿರು ಕಣ್ಣಿದ್ದವರದು. ಈ ಒಂದು ತಪ್ಪು ಪದ್ಯವನ್ನೇ ತಲೆಕೆಳಗು ಮಾಡುತ್ತದೆ, ಏಕೆಂದರೆ ಪದ್ಯದ ಜೀವ ಇರುವುದು ಅಳುವವರು ಅವರು, ಅಳದವನು ಇವನು ಎನ್ನುವುದರಲ್ಲಿ. ಅದೇ ಪದ್ಯದ ‘ಕುಡ್ ಐ ಎವರ್ ಕೀಪ್ ಅವೇಕ್’ ಪ್ರಶ್ನೆಯಲ್ಲ. ‘ನಾನು ಸದಾ ಎಚ್ಚರವಾಗಿರುವ ಹಾಗಿದ್ದರೆ’ ಎಂಬ ಷರತ್ತು ಅದು. ಕ್ರಿಯಾಪದ ಮುಂದೆ ಬಂದು ‘ಇಫ್’ ಬಿಟ್ಟುಹೋಗಿದೆ. ಅದರ ಮುಂದಿನ ‘ಟ್ವರ್’ ಎನ್ನುವುದು ‘ಇಟ್ ವರ್’. ಇಂಥವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆದರೆ ಐದು ನಿಮಿಷದ ಕೆಲಸ.

ಮೂರನೆಯದು ಪದಗಳ ಅರ್ಥ. ಇಲ್ಲಿ ಡಿಕ್ಷನರಿಯ ಮೊದಲ ಅರ್ಥವೇ ಕೈಕೊಡುತ್ತದೆ. ‘ನಾಟ್ ಅ ಸೋಲ್’ ಎಂದರೆ ‘ಒಬ್ಬರೂ ಇಲ್ಲ’, ‘ಆತ್ಮವಿಲ್ಲ’ ಅಲ್ಲ. ‘ದ ಡೀಪ್’ ಎಂದರೆ ಕಡಲು. ಷೇಕ್ಸ್‌ಪಿಯರನ ‘ದ ಕ್ವಾಲಿಟಿ ಆಫ್ ಮರ್ಸಿ’ಯಲ್ಲಿ ದಯೆ ರಾಜನನ್ನು ‘ಬಿಕಮ್ಸ್’ ಎಂದು ಬರುತ್ತದೆ. ಅದು ‘ಆಗುತ್ತದೆ’ ಅಲ್ಲ, ‘ಒಪ್ಪುತ್ತದೆ’. ಕಿರೀಟಕ್ಕಿಂತ ದಯೆ ಅವನಿಗೆ ಹೆಚ್ಚು ಒಪ್ಪುತ್ತದೆ ಎಂದರ್ಥ. ಇನ್ನು ಅದರ ಮೊದಲ ಸಾಲಿನ ‘ಸ್ಟ್ರೇನ್ಡ್’. ಹಲವು ನೋಟ್ಸುಗಳಲ್ಲಿ ಇದಕ್ಕೆ ‘ಆಯಾಸ’, ‘ಸೋಸಿದ’ ಎಂಬ ಅರ್ಥಗಳು ಸಿಗುತ್ತವೆ. ಸರಿಯಾದ ಅರ್ಥ ‘ಬಲವಂತದ್ದು’. ಅದನ್ನು ತಿಳಿಯಲು ನಾಟಕದಲ್ಲಿ ಎರಡು ಮಾತು ಹಿಂದಕ್ಕೆ ಹೋಗಬೇಕು. ‘ದ ಮರ್ಚಂಟ್ ಆಫ್ ವೆನಿಸ್’ ನಾಲ್ಕನೇ ಅಂಕದ ನ್ಯಾಯಾಲಯದ ದೃಶ್ಯದಲ್ಲಿ ವಕೀಲನ ವೇಷದ ಪೋರ್ಷಿಯಾ, ಸಾಲ ಕೊಟ್ಟ ಶೈಲಾಕ್ ದಯೆ ತೋರಲೇಬೇಕು ಎನ್ನುತ್ತಾಳೆ. ‘ಯಾವ ಬಲವಂತಕ್ಕೆ ತೋರಬೇಕು, ಹೇಳಿ’ ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಅದಕ್ಕೆ ಕೊಟ್ಟ ಉತ್ತರವೇ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಮೊದಲ ಸಾಲು: ದಯೆ ಬಲವಂತಕ್ಕೆ ಬರುವಂಥದ್ದಲ್ಲ, ಮಳೆಯ ಹಾಗೆ ಅದು ತಾನಾಗಿ ಬೀಳುತ್ತದೆ. ಪ್ರಶ್ನೆ ಗೊತ್ತಿಲ್ಲದೆ ಉತ್ತರ ಕಲಿಸಿದರೆ ಹೇಗೆ ಅರ್ಥವಾದೀತು? ‘ಜೆಂಟಲ್ ರೇನ್’ ಎಂದಾಗ ನಮ್ಮ ಮಕ್ಕಳ ಕಣ್ಣ ಮುಂದೆ ಸೋನೆ ಮಳೆ ಬರಬೇಕು, ಭತ್ತದ ಪೈರು ಮಲಗಿಸುವ ಬಿರುಮಳೆಯಲ್ಲ. ಸೋನೆಯನ್ನು ಯಾರೂ ಜಗ್ಗಿ ಇಳಿಸುವುದಿಲ್ಲ; ನಾಲೆಯ ಮೇಲ್ಭಾಗದ ಗದ್ದೆಗೂ ಕೊನೆಭಾಗದ ಗದ್ದೆಗೂ ಅದು ಒಂದೇ ಸಮ. ಮಂಡ್ಯದ ಮಗುವಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಸಮುದ್ರವನ್ನೇ ಕಾಣದ, ಹರಿಗೋಲು ಮತ್ತು ಕನ್ನಂಬಾಡಿ ಕಟ್ಟೆಯ ನೀರನ್ನು ಮಾತ್ರ ಬಲ್ಲ ಮಕ್ಕಳಿಗೆ ಫೀಲ್ಡ್ಸ್ ಪದ್ಯದಲ್ಲಿ ಕಷ್ಟವಾಗುವುದು ಭಾಷೆಗಿಂತ ಹೆಚ್ಚಾಗಿ ವಸ್ತು. ಒಂದು ಹಾಯಿ ಹಡಗಿನ ಚಿತ್ರ ಹಲಗೆಯ ಮೇಲೆ ಬರೆದು, ಹಾಯಿ ಕಟ್ಟುವ ಕಂಬ, ಮೇಲಿನ ಅಟ್ಟ, ಒಳಗಿನ ಕೋಣೆ, ಇಳಿಯುವ ಮೆಟ್ಟಿಲು, ಈ ನಾಲ್ಕನ್ನು ತೋರಿಸಿದರೆ ಅರ್ಧ ಪದ್ಯ ತಿಳಿದಂತೆ. ಕಂಬವನ್ನು ಕಡಿಯಿರಿ ಎಂದು ಕೂಗುವುದೇಕೆ? ಎತ್ತರದ ಕಂಬಕ್ಕೆ ಗಾಳಿ ಬಡಿದರೆ ಹಡಗು ಒಂದು ಮಗ್ಗುಲಿಗೆ ವಾಲಿ ಮಗುಚಬಹುದು. ಕಡಿದರೆ ಮೇಲಿನ ಭಾರವೂ ಗಾಳಿಯ ಹಿಡಿತವೂ ತಗ್ಗುತ್ತವೆ. ಆದರೆ ಕಂಬ ಹೋದ ಮೇಲೆ ಹಾಯಿಯ ಬಲವೂ ಹೋಯಿತು. ಬೇರೆ ದಾರಿಯೇ ಇಲ್ಲದಾಗ ಕೊಡುವ ಆಜ್ಞೆ ಅದು. ಇಷ್ಟು ತಿಳಿದ ಮಗುವಿಗೆ ಜನ ಉಸಿರು ಬಿಗಿಹಿಡಿದದ್ದು ಏಕೆಂದು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬರುವ ‘ಟ್ರಂಪೆಟ್’ ಕೂಡ ವಾದ್ಯವಲ್ಲ, ಗಾಳಿಯ ಅಬ್ಬರದಲ್ಲಿ ಆಜ್ಞೆ ಕೇಳಿಸಲೆಂದು ಬಾಯಿಗಿಟ್ಟು ಕೂಗುತ್ತಿದ್ದ ಕೊಳವೆ. ‘ಬ್ರೇಕರ್ಸ್’ ಎಂದರೆ ಬಂಡೆಗೆ ಬಡಿದು ಒಡೆಯುವ ಅಲೆಗಳು.

ಅಲಂಕಾರದ ಪ್ರಶ್ನೆಗೆ ಬಂದರೆ, ‘ಆ್ಯಸ್’ ಕಂಡಲ್ಲೆಲ್ಲ ಉಪಮೆ ಎಂದು ಗೆರೆ ಎಳೆಯುವ ರೂಢಿ ಬೆಳೆದಿದೆ. ಕ್ಯಾಪ್ಟನ್ ತೂರಾಡುತ್ತ ಮೆಟ್ಟಿಲಿಳಿಯುವ ಸಾಲಿನ ‘ಆ್ಯಸ್’ ಕೇವಲ ‘ಆಗ’ ಎನ್ನುವ ಅರ್ಥದ್ದು. ದಯೆಯನ್ನು ಮಳೆಗೆ ಹೋಲಿಸುವಾಗಿನ ‘ಆ್ಯಸ್’ ನಿಜವಾದ ಉಪಮೆ. ಎರಡು ವಸ್ತುಗಳಿವೆಯೇ, ಅವುಗಳ ನಡುವೆ ಹೋಲುವ ಗುಣ ಯಾವುದು ಎಂದು ಮಗು ಹೇಳಿದ ಮೇಲೆಯೇ ಅಲಂಕಾರದ ಹೆಸರು ಬರೆಸಬೇಕು. ಕನ್ನಡ ವ್ಯಾಕರಣದಲ್ಲಿ ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಕಲಿತವರಿಗೆ ಇದು ಹೊಸದೇನೂ ಅಲ್ಲ.

ಓದು, ಅನ್ವಯ, ಪದಗಳ ಅರ್ಥ, ಈ ಮೂರೂ ಆದ ಮೇಲೆಯೇ ಇಡೀ ಪದ್ಯದ ಅರ್ಥದ ಚರ್ಚೆ. ಅದು ಕನ್ನಡದಲ್ಲೇ ನಡೆಯಲಿ. ಉತ್ತರ ಇಂಗ್ಲಿಷಿನಲ್ಲಿ ಬರೆದರಾಯಿತು. ‘ಕವಿ ಏನು ಸಂದೇಶ ಕೊಡುತ್ತಾನೆ’ ಎಂಬ ಪ್ರಶ್ನೆಗೆ ನೀತಿವಾಕ್ಯ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಅದರ ಬದಲು ಪದ್ಯದಲ್ಲಿ ಹೇಳದೆ ಬಿಟ್ಟದ್ದನ್ನು ಕೇಳಬೇಕು. ಬಿರುಗಾಳಿ ನಿಂತಿತೆಂದು ಫೀಲ್ಡ್ಸ್ ಎಲ್ಲೂ ಹೇಳುವುದಿಲ್ಲ. ಕ್ಯಾಪ್ಟನ್ನನ ಪುಟ್ಟ ಮಗಳು ಅಪ್ಪನ ಕೈ ಹಿಡಿದು ‘ದೇವರು ನೆಲದ ಮೇಲಿರುವಂತೆ ಕಡಲ ಮೇಲೂ ಇಲ್ಲವೇ’ ಎಂದು ಪಿಸುಗುಟ್ಟಿದ ಮುಂದಿನ ಚರಣದಲ್ಲೇ ಬೆಳಗಾಗಿ ಹಡಗು ಬಂದರಿನಲ್ಲಿದೆ. ಉಳಿಸಿದ್ದು ದೇವರೋ, ಮರಳಿ ಬಂದ ಧೈರ್ಯವೋ? ತಣ್ಣಗಾದದ್ದು ಅಪ್ಪನ ಕೈ, ಮಗಳದಲ್ಲ. ಹಾಗಾದರೆ ಹೆದರಿದವರು ಯಾರು? ಮಗು ಏನೇ ಉತ್ತರ ಕೊಡಲಿ, ‘ಯಾವ ಪದ ನೋಡಿ ಹೀಗೆ ಹೇಳಿದೆ?’ ಎಂದು ಕೇಳಿ. ಪದ ತೋರಿಸಿದರೆ ಆ ಉತ್ತರಕ್ಕೆ ಅಂಕ ಸಿಗಲಿ, ಗೈಡಿನಲ್ಲಿ ಇಲ್ಲದಿದ್ದರೂ ಸರಿ. ಪದ ತೋರಿಸಲಾಗದಿದ್ದರೆ, ಎಷ್ಟೇ ಚೆಂದದ ಮಾತಾದರೂ, ಅದು ಊಹೆ.

ಬಾಯಿಪಾಠದ ವಿಷಯಕ್ಕೆ ಇಷ್ಟೇ: ಅದನ್ನು ಕೊನೆಗೆ ಇಟ್ಟುಕೊಂಡರೆ ತಟ್ಟಿದ ಲಯವೇ ಸಾಲುಗಳನ್ನು ನೆನಪಿಗೆ ತರುತ್ತದೆ. ಮೊದಲೇ ಮಾಡಿಸಿದರೆ ಒಂದು ಪದ ಮರೆತ ಕಡೆ ಇಡೀ ಸಾಲು ಹೋಗುತ್ತದೆ.

ಒಂಬತ್ತನೇ ತರಗತಿಯಲ್ಲಿ ಮಾಡಬಹುದಾದ ಒಂದು ಅಭ್ಯಾಸವನ್ನು ಇಲ್ಲಿ ಸೂಚಿಸುವ ಆಸೆ. ಹೆಸರಿನಲ್ಲೇ ನಮ್ಮ ಜಿಲ್ಲೆಯ ಬೆಳ್ಳೂರನ್ನು ಹೊತ್ತ, ‘ಶ್ರೀ’ ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 1920ರ ದಶಕದಲ್ಲಿ ಅವರು ಕನ್ನಡಕ್ಕೆ ತಂದ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ವಸಂತ ಬಂದ’ ಹಾಡು ಬಹಳ ಮಕ್ಕಳಿಗೆ ಬಾಯಿಗೆ ಬರುತ್ತದೆ. ಅದರ ಮೂಲ, ಥಾಮಸ್ ನ್ಯಾಷ್ ಬರೆದು 1600ರಲ್ಲಿ ಅಚ್ಚಾದ ನಾಟಕದಲ್ಲಿರುವ ಮೂರು ಚರಣದ ಹಾಡು. ಎರಡನ್ನೂ ಹಲಗೆಯ ಎರಡು ಬದಿಗೆ ಬರೆಯಿರಿ. ನ್ಯಾಷ್ ‘ಕೋಲ್ಡ್ ಡತ್ ನಾಟ್ ಸ್ಟಿಂಗ್’ ಎನ್ನುತ್ತಾನೆ: ಚಳಿ ಕುಟುಕುವುದಿಲ್ಲ. ಶ್ರೀಯವರು ‘ಚಳಿಯನು ಕೊಂದ’ ಎಂದರು. ಅಲ್ಲಿ ಚಳಿ ಸುಮ್ಮನಾಯಿತು, ಇಲ್ಲಿ ವಸಂತನೇ ಅದನ್ನು ಕೊಂದ. ಏಕೆ ಹೀಗೆ ಬದಲಾಯಿತು? ಪ್ರಾಸಕ್ಕೋ, ವಸಂತನನ್ನು ಋತುಗಳ ರಾಜನೆಂದ ಮೇಲೆ ಅವನು ಏನಾದರೂ ಮಾಡಲೇಬೇಕೆಂದೋ? ಹಕ್ಕಿಗಳ ‘ಜಗ್ ಜಗ್, ಪುವ್ವೀ’ ದನಿಯನ್ನು ಮಾತ್ರ ಅನುವಾದಿಸದೆ ಹಾಗೇ ಉಳಿಸಿಕೊಂಡದ್ದೇಕೆ? ನಮ್ಮ ವಸಂತ ಬಿಸಿಲಿನ ಬಾಗಿಲು, ಇಂಗ್ಲೆಂಡಿನವರಿಗೆ ಅದು ತಿಂಗಳುಗಟ್ಟಲೆ ಚಳಿಯಿಂದ ಬಿಡುಗಡೆ. ಒಂದೇ ಪೀರಿಯಡ್‌ನಲ್ಲಿ ಇಷ್ಟೆಲ್ಲ ಮಾತು ಹುಟ್ಟುತ್ತದೆ, ಮಾತಾಡುವವರು ಮಕ್ಕಳೇ ಆಗಿರುತ್ತಾರೆ.

ಕೊನೆಯದಾಗಿ ಮೂರು ಬೇಡಿಕೆ. ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಫಲಿತಾಂಶದ ಅಂಕಿಅಂಶಗಳ ಜೊತೆ, ತಿಂಗಳಿಗೆ ಒಂದು ಪದ್ಯದ ಅನ್ವಯವನ್ನು ಇಂಗ್ಲಿಷ್ ಮತ್ತು ಕನ್ನಡ ಶಿಕ್ಷಕರು ಒಟ್ಟಿಗೆ ಕೂತು ಮಾಡಲಿ. ಶಾಲಾ ಮಟ್ಟದ ಪರೀಕ್ಷೆಗಳ ಪ್ರಶ್ನೆಪತ್ರಿಕೆ ತಯಾರಿಸುವವರು ಸಾರಾಂಶ ಕೇಳುವ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೈಬಿಟ್ಟು, ‘ಈ ವಾಕ್ಯದಲ್ಲಿ ನಿಟ್ಟುಸಿರು ಯಾರದು’ ಎಂಬಂಥ ಪ್ರಶ್ನೆ ಹಾಕಲಿ. ಹಾಗೆಯೇ ಮೈಸೂರು ಆಕಾಶವಾಣಿಯವರು ಹತ್ತನೇ ತರಗತಿಯ ಪದ್ಯಗಳನ್ನು ಒಳ್ಳೆಯ ಓದುಗರಿಂದ ಓದಿಸಿ, ಶಾಲೆ ಶುರುವಾದ ಮೇಲೆ ಜೂನ್ ತಿಂಗಳಲ್ಲಿ ಪ್ರಸಾರ ಮಾಡಲಿ. ಪದ್ಯಕ್ಕೆ ಎರಡೇ ನಿಮಿಷ ಸಾಕು.

— ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರು, ಮಂಡ್ಯ